ಕೆಳಗಿನ ಹೊಲದ ಚಳಿ: ನೀಲಗಿರಿಯ ಉರೈಪನಿಯನ್ನು ಹಿಂದಿನ ಸಂಜೆಯೇ ಓದುವ ಬಗೆ

ನಮ್ಮದು ಎರಡು ತುಂಡು ಹೊಲ. ಒಂದು ಗುಡ್ಡದ ಓರೆಯ ಮೇಲೆ, ಇನ್ನೊಂದು ಅದೇ ಓರೆ ಇಳಿದು ಹಳ್ಳ ಸೇರುವ ತಗ್ಗಿನಲ್ಲಿ. ನಡುವೆ ಇನ್ನೂರು ಹೆಜ್ಜೆ ಇರಬಹುದು. ಕೆಲವು ವರ್ಷಗಳ ಹಿಂದೆ, ಡಿಸೆಂಬರ್ ಕೊನೆಯ ಒಂದು ಬೆಳಗ್ಗೆ, ತಡವಾಗಿ ಊರಿದ ಆಲೂಗಡ್ಡೆ ಮೇಲಿನ ಹೊಲದಲ್ಲಿ ಹಸಿರಾಗಿ ನಿಂತಿತ್ತು. ಕೆಳಗಿನದು ಬೇಯಿಸಿದ ಸೊಪ್ಪಿನ ಹಾಗೆ ಕಪ್ಪಾಗಿ ನೆಲಕ್ಕೆ ಒರಗಿತ್ತು. ಹಿಂದಿನ ರಾತ್ರಿ ಮೊಬೈಲಿನಲ್ಲಿ ನೋಡಿದಾಗ ಊಟಿಯ ಕನಿಷ್ಠ ತಾಪಮಾನ 4 ಡಿಗ್ರಿ ಸೆಲ್ಸಿಯಸ್ ಎಂದಿತ್ತು. ನಾಲ್ಕು ಡಿಗ್ರಿಯಲ್ಲಿ ನೀರು ಹೆಪ್ಪುಗಟ್ಟುವುದಿಲ್ಲ ಎಂಬುದು ಶಾಲೆಯಲ್ಲಿ ಕಲಿತ ಮಾತು. ಆ ಧೈರ್ಯದಲ್ಲಿ ಮಲಗಿದ್ದೆ.

ಆ ಮುನ್ಸೂಚನೆ ಸುಳ್ಳಾಗಿರಲಿಲ್ಲ. ಊಟಿಯಲ್ಲಿ ಅಂದು ಹೆಚ್ಚುಕಡಿಮೆ ಅಷ್ಟೇ ದಾಖಲಾಗಿತ್ತು. ಆ ನಾಲ್ಕು ಡಿಗ್ರಿ ಎಲ್ಲಿಯದು, ಎಷ್ಟು ಎತ್ತರದ್ದು, ಯಾವ ಗಾಳಿಯದು ಎಂದು ನಾನು ಕೇಳಿಕೊಂಡಿರಲಿಲ್ಲ. ಅಂದಿನಿಂದ ಪ್ರತಿ ಚಳಿಗಾಲ ಕೇಳಿಕೊಳ್ಳುತ್ತ ಬಂದಿದ್ದೇನೆ. ತಿಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ತಾಳವಾಡಿಯಿಂದ ದಿಂಬಂ ಘಾಟಿ ಇಳಿದು, ನೀಲಗಿರಿ ಹತ್ತಿ ತರಕಾರಿ ಬೆಳೆಯಲು ಬಂದ ನಮ್ಮಂಥ ಕನ್ನಡದ ಮನೆಗಳಿಗೆ ಇದು ಕನ್ನಡದಲ್ಲಿ ಸಿಗುವುದು ಕಡಿಮೆ.

ಮೊದಲು ಹೆಸರಿನ ಮಾತು. ಇಲ್ಲಿನ ತಮಿಳು ಪತ್ರಿಕೆಗಳು ಚಳಿಗಾಲದ ಆರಂಭದಲ್ಲಿ ‘ನೀರ್‌ಪನಿ’ ಬಿತ್ತು ಎಂದು ಬರೆಯುತ್ತವೆ, ಆಮೇಲೆ ‘ಉರೈಪನಿ’, ಅಂದರೆ ಹೆಪ್ಪುಗಟ್ಟುವ ಇಬ್ಬನಿ, ಶುರುವಾಯಿತು ಎಂದು. ತಮಿಳಿನ ಪನಿ ನಮಗೆ ಹೊರಗಿನದಲ್ಲ. ನಮ್ಮ ಹನಿ, ಕಂಬನಿ, ಇಬ್ಬನಿ ಎಲ್ಲವೂ ಅದೇ ಬುಡದವು. ಉರೈ ಎಂದರೆ ಹೆಪ್ಪು. ಹಾಲಿಗೆ ಹಾಕುವ ಹೆಪ್ಪಿಗೂ ಅವರಲ್ಲಿ ಅದೇ ಮಾತು. ಎರಡು ಭಾಷೆಗಳೂ ನೀರು ಗಟ್ಟಿಯಾಗುವುದನ್ನು ಮೊಸರಿನ ಗಡಿಗೆಯಿಂದಲೇ ನೋಡಿವೆ. ಕನ್ನಡದಲ್ಲಿ ಇದನ್ನು ಹಿಮ ಎಂದರೆ ಹಿಮಾಲಯದ ಹಿಮಪಾತ ಕಣ್ಣಿಗೆ ಬರುತ್ತದೆ, ಮಂಜು ಎಂದರೆ ಕಾವಳ ಬರುತ್ತದೆ. ಹಾಗಾಗಿ ಇಲ್ಲಿ ಉರೈಪನಿ ಎಂದೇ ಬರೆಯುತ್ತೇನೆ.

ಡಿಸೆಂಬರ್, ಜನವರಿಯಲ್ಲಿ ಬರುವ ಪ್ರವಾಸಿಗರು ಬೆಳ್ಳಗಾದ ಹುಲ್ಲನ್ನು ನೋಡಿ ಊಟಿಯಲ್ಲಿ ಹಿಮ ಬಿದ್ದಿದೆ ಎಂದು ಚಿತ್ರ ಹಂಚಿಕೊಳ್ಳುತ್ತಾರೆ. ಬಿದ್ದದ್ದೇನೂ ಇಲ್ಲ. ಹಿಮಪಾತಕ್ಕೆ ಮೋಡ ಬೇಕು, ಮೋಡದಿಂದ ನೆಲದವರೆಗೆ ಗಾಳಿ ಸೊನ್ನೆಯ ಆಸುಪಾಸಿನಲ್ಲೇ ಇರಬೇಕು. ದಕ್ಷಿಣ ಭಾರತದ ಮೇಲೆ ಚಳಿಗಾಲದಲ್ಲೂ ಗಾಳಿ ಸೊನ್ನೆಗೆ ಇಳಿಯುವುದು ಸುಮಾರು ನಾಲ್ಕೂವರೆ ಕಿಲೋಮೀಟರ್ ಎತ್ತರ ದಾಟಿದ ಮೇಲೆ. ಊಟಿ ಇರುವುದು ಸುಮಾರು 2,240 ಮೀಟರ್ ಎತ್ತರದಲ್ಲಿ, ದೊಡ್ಡಬೆಟ್ಟದ ತುದಿ 2,637 ಮೀಟರ್‌ನಲ್ಲಿ. ಇಲ್ಲಿ ಹೆಪ್ಪುಗಟ್ಟುವುದು ನೆಲಕ್ಕೆ ಅಂಟಿದ ತೆಳುವಾದ ಒಂದು ಪದರ ಮಾತ್ರ. ಅದೂ ಮೋಡವಿಲ್ಲದ ರಾತ್ರಿ. ಹಿಮಪಾತಕ್ಕೆ ಮೋಡ ಬೇಕೇಬೇಕು, ಉರೈಪನಿಗೆ ಮೋಡ ಇರಲೇಬಾರದು. ಎರಡನ್ನೂ ಒಂದೇ ಹೆಸರಿನಲ್ಲಿ ಕರೆದರೆ ಮುನ್ಸೂಚನೆಯ ದಾರಿಯೇ ತಪ್ಪುತ್ತದೆ.

ಚಳಿಯಲ್ಲಿ ಎರಡು ಬಗೆ ಇದೆ ಎಂದು ಇಟ್ಟುಕೊಳ್ಳಿ: ಬರುವ ಚಳಿ, ಇಲ್ಲೇ ಹುಟ್ಟುವ ಚಳಿ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತದ ಕಡೆಯ ನಮ್ಮ ದ್ರಾಕ್ಷಿ ಬೆಳೆಗಾರರನ್ನು ಕಾಡುವುದು ಹೆಚ್ಚಾಗಿ ಬರುವ ಚಳಿ. ಮೆಡಿಟರೇನಿಯನ್ ಸಮುದ್ರದ ಕಡೆಯಿಂದ ಹೊರಟ, ಪಶ್ಚಿಮದ ಅಡಚಣೆಗಳು ಎಂದು ಕರೆಯುವ ಮಳೆ-ಹಿಮದ ವಾಯುಸುಳಿಗಳು ಇರಾನ್, ಅಫ್ಘಾನಿಸ್ತಾನ ದಾಟಿ ಹಿಮಾಲಯಕ್ಕೆ ತಾಗಿ ಕಾಶ್ಮೀರ, ಹಿಮಾಚಲದಲ್ಲಿ ಹಿಮ ಸುರಿಸುತ್ತವೆ. ಅವು ಸರಿದ ಬೆನ್ನಿಗೆ ಉತ್ತರದ ಒಣ ತಂಪು ಗಾಳಿ ಕೆಳಗಿಳಿಯುತ್ತದೆ. ಕೆಲವು ಬಾರಿ ಅದು ಮಹಾರಾಷ್ಟ್ರ ದಾಟಿ ಬೀದರ್, ವಿಜಯಪುರದವರೆಗೂ ಬರುತ್ತದೆ. ದ್ರಾಕ್ಷಿಯ ಕಾಯಿ ಊದುವುದು ಆಗ ನಿಧಾನವಾಗುತ್ತದೆ. ಈ ಚಳಿ ಸಾವಿರಾರು ಕಿಲೋಮೀಟರ್ ನಡೆದು ಬರುವುದರಿಂದ ಉಪಗ್ರಹದ ಚಿತ್ರದಲ್ಲಿ, ಒತ್ತಡದ ನಕ್ಷೆಯಲ್ಲಿ ಅದರ ಹೆಜ್ಜೆ ಕಾಣುತ್ತದೆ. ನಾಲ್ಕೈದು ದಿನ ಮೊದಲೇ ಹೇಳಲು ಸಾಧ್ಯ.

ನೀಲಗಿರಿಯ ಉರೈಪನಿ ಹಾಗಲ್ಲ. ಸಂಜೆ ಆರಕ್ಕೆ ಅದು ಎಲ್ಲಿಯೂ ಇರುವುದಿಲ್ಲ. ರಾತ್ರಿಯೆಲ್ಲ ನಮ್ಮ ಹೊಲದಲ್ಲೇ ತಯಾರಾಗಿ ಬೆಳಗ್ಗೆ ಕಾಣಿಸಿಕೊಳ್ಳುತ್ತದೆ. ಆದ್ದರಿಂದ ಇಲ್ಲಿ ಚಳಿ ಯಾವಾಗ ತಲುಪುತ್ತದೆ ಎಂದು ಕೇಳಿ ಫಲವಿಲ್ಲ. ಇಂದು ರಾತ್ರಿ ನೆಲ ತನ್ನ ಶಾಖವನ್ನು ಎಷ್ಟು ಕಳೆದುಕೊಳ್ಳುತ್ತದೆ ಎಂದು ಕೇಳಬೇಕು.

ನೆಲ ಹಗಲು ಬಿಸಿಲಿನಲ್ಲಿ ಗಳಿಸಿದ್ದನ್ನು ರಾತ್ರಿ ಆಕಾಶಕ್ಕೆ ಬಿಟ್ಟುಕೊಡುತ್ತದೆ. ಕಣ್ಣಿಗೆ ಕಾಣದ ಅವಕೆಂಪು ಕಿರಣಗಳಾಗಿ ಆ ಶಾಖ ಮೇಲಕ್ಕೆ ಹೋಗುತ್ತದೆ. ಮೋಡವಿದ್ದರೆ ಅದು ಕಂಬಳಿಯಂತೆ ಬಹುಪಾಲನ್ನು ಹಿಂದಿರುಗಿಸುತ್ತದೆ. ಗಾಳಿಯಲ್ಲಿ ಆವಿ ಹೆಚ್ಚಿದ್ದರೂ ಅಷ್ಟಿಷ್ಟು ಹಿಂತಿರುಗುತ್ತದೆ. ಎರಡೂ ಇಲ್ಲದ ಒಣ, ಶುಭ್ರ ರಾತ್ರಿಯಲ್ಲಿ ಪ್ರತಿ ಚದರ ಮೀಟರ್ ನೆಲ ಸುಮಾರು 60ರಿಂದ 100 ವ್ಯಾಟ್ ಕಳೆದುಕೊಳ್ಳುತ್ತದೆ. ಮೀಟರಿಗೊಂದು ಹಳೆಯ ಕಾಲದ ಬಲ್ಬು ಆಕಾಶದ ಕಡೆಗೆ ಉರಿಯುತ್ತಿದೆ ಎಂದುಕೊಳ್ಳಿ, ಹನ್ನೆರಡು ಗಂಟೆಗೂ ಹೆಚ್ಚು ಹೊತ್ತು. ಬೆಟ್ಟದ ಮೇಲೆ ಗಾಳಿಯೂ ತೆಳು, ಅದರ ಮೇಲಿನ ಆವಿಯೂ ಕಡಿಮೆ. ಅದಕ್ಕೇ ಕೊಯಮತ್ತೂರಿನ ಬಯಲಿಗಿಂತ ಇಲ್ಲಿನ ನೆಲ ಬೇಗ ಬರಿದಾಗುತ್ತದೆ.

ಬಂಗಾಳ ಕೊಲ್ಲಿಗೂ ನಮ್ಮ ಆಲೂಗಡ್ಡೆಗೂ ಸಂಬಂಧ ಬರುವುದು ಇಲ್ಲಿ. ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ತಮಿಳುನಾಡಿಗೆ ಹಿಂಗಾರು, ಅಂದರೆ ಈಶಾನ್ಯ ಮಾರುತದ ಮಳೆ. ಕೊಲ್ಲಿಯಲ್ಲಿ ವಾಯುಭಾರ ಕುಸಿತ ಎದ್ದರೆ ನೀಲಗಿರಿಯ ಮೇಲೂ ಮೋಡ ಹರಡುತ್ತದೆ. ಕರಾವಳಿಗೆ ಮಳೆಯ ಎಚ್ಚರಿಕೆ ಹೋದ ದಿನ ನಮ್ಮ ತಗ್ಗಿನ ಹೊಲ ಬೆಚ್ಚಗಿರುತ್ತದೆ. ಆ ಮೋಡ ಸರಿದು ಆಕಾಶ ತೊಳೆದಂತಾದ ಮೊದಲ ಎರಡು ಮೂರು ರಾತ್ರಿಗಳಿಗೆ ನಾನು ಹೆದರುತ್ತೇನೆ. ಹಿಂಗಾರು ಬೇಗ ಹಿಂದೆ ಸರಿದ ವರ್ಷ ಉರೈಪನಿಯೂ ಬೇಗ ಕಾಲಿಡುತ್ತದೆ. ಸಾಮಾನ್ಯವಾಗಿ ನವೆಂಬರ್‌ನಿಂದ ಫೆಬ್ರವರಿವರೆಗೆ ಅದರ ಕಾಲ.

ಇನ್ನೊಂದು ಅಂಶ ಗಾಳಿಯ ಓಡಾಟ. ತಣ್ಣಗಾದ ನೆಲ ತನಗೆ ತಾಗಿದ ಗಾಳಿಯನ್ನೂ ತಣ್ಣಗಾಗಿಸುತ್ತದೆ, ಆದರೆ ಹತ್ತಿಪ್ಪತ್ತು ಮೀಟರ್ ಮೇಲಿನ ಗಾಳಿ ಇನ್ನೂ ಬೆಚ್ಚಗೆ ಉಳಿದಿರುತ್ತದೆ. ಮೇಲೇರಿದಂತೆ ತಂಪಾಗಬೇಕಾದದ್ದು ತಲೆಕೆಳಗಾಗುತ್ತದೆ. ಇದನ್ನು ತಾಪಮಾನ ವಿಲೋಮ ಎನ್ನುತ್ತಾರೆ. ಎಲೆಗಳು ಅಲುಗುವಷ್ಟು ಗಾಳಿ ಬೀಸಿದರೂ ಮೇಲಿನ ಬಿಸಿ ಕೆಳಕ್ಕೆ ಬೆರೆತು ಬೆಳೆ ಉಳಿಯುತ್ತದೆ. ಗಾಳಿ ಸತ್ತಂತೆ ನಿಂತರೆ ಬೆರೆಸುವವರಿಲ್ಲ. ಮೈಗೆ ಚುಚ್ಚುವ ಗಾಳಿ ಬೀಸುವ ರಾತ್ರಿ ನಮಗೆ ಹೆಚ್ಚು ಚಳಿ ಎನಿಸುತ್ತದೆ, ಬೆಳೆಗೆ ಆಗ ಅಪಾಯ ಕಡಿಮೆ. ಮೈಯ ಚಳಿಯನ್ನು ನಂಬಿ ಹೊಲದ ಚಳಿಯನ್ನು ಅಳೆಯಲಾಗದು.

ಈಗ ಇಬ್ಬನಿ ಬಿಂದುವಿನ ವಿಷಯ. ಇದು ಸ್ವಲ್ಪ ಲೆಕ್ಕದ ಮಾತು, ಆದರೆ ನನ್ನ ಮಟ್ಟಿಗೆ ಇಡೀ ಮುನ್ಸೂಚನೆಯ ಕೀಲಿ ಇದೇ. ಗಾಳಿ ತಣ್ಣಗಾಗುತ್ತ ಹೋದಂತೆ ಆವಿಯನ್ನು ಹಿಡಿದಿಟ್ಟುಕೊಳ್ಳುವ ಅದರ ಶಕ್ತಿ ಕುಗ್ಗುತ್ತದೆ. ಒಂದು ತಾಪಮಾನದಲ್ಲಿ ಹಿಡಿತ ತಪ್ಪಿ ಆವಿ ನೀರಾಗುತ್ತದೆ. ಆ ತಾಪಮಾನವೇ ಇಬ್ಬನಿ ಬಿಂದು. ಸಂಜೆ ಆರಕ್ಕೆ 12 ಡಿಗ್ರಿ ಇದೆ ಎಂದುಕೊಳ್ಳಿ. ಸಾಪೇಕ್ಷ ಆರ್ದ್ರತೆ, ಅಂದರೆ ಗಾಳಿ ಹಿಡಿಯಬಲ್ಲ ಆವಿಯಲ್ಲಿ ಈಗ ಇರುವ ಪಾಲು, ಶೇಕಡ 80 ಇದ್ದರೆ ಇಬ್ಬನಿ ಬಿಂದು ಸುಮಾರು 8.7 ಡಿಗ್ರಿ. ಶೇಕಡ 50 ಇದ್ದರೆ ಸುಮಾರು 2 ಡಿಗ್ರಿ. ಶೇಕಡ 35ಕ್ಕೆ ಇಳಿದಿದ್ದರೆ ಸೊನ್ನೆಗಿಂತ 3 ಡಿಗ್ರಿ ಕೆಳಗೆ. ಹಗಲಿಡೀ ಒಂದೇ ಬಗೆಯ ಬಿಸಿಲು ಬಿದ್ದ ಮೂರು ಸಂಜೆಗಳು, ಮೂರೂ ಬೇರೆ ರಾತ್ರಿಗಳಾಗುತ್ತವೆ.

ಮೊದಲನೆಯದರಲ್ಲಿ ರಾತ್ರಿ ಒಂಬತ್ತರ ಹೊತ್ತಿಗೇ ಇಬ್ಬನಿ ಕಟ್ಟತೊಡಗುತ್ತದೆ. ಆವಿ ನೀರಾಗುವಾಗ ತನ್ನೊಳಗಿನ ಗುಪ್ತೋಷ್ಣವನ್ನು ಬಿಡುತ್ತದೆ, ಗ್ರಾಮಿಗೆ ಸುಮಾರು 600 ಕ್ಯಾಲೊರಿ. ಅದು ಇಳಿಯುತ್ತಿರುವ ಪಾದರಸಕ್ಕೆ ಹಗ್ಗ ಹಾಕಿದ ಹಾಗೆ. ಬೆಳಗಿಗೆ ಕಾವಳ ಕವಿಯುತ್ತದೆ, ಅದೇ ಕಂಬಳಿಯೂ ಆಗುತ್ತದೆ. ಎರಡನೆಯ ಸಂಜೆ ಅಂಚಿನದು. ಹುಲ್ಲಿನ ಮೇಲೆ ಮೊದಲು ನೀರ್‌ಪನಿ ಕೂತು, ಬೆಳಗಿನ ಜಾವ ಅದೇ ಹನಿ ಹೆಪ್ಪಾಗಬಹುದು. ಮೂರನೆಯ ರಾತ್ರಿ ಹಗ್ಗ ಹಾಕಲು ಆವಿಯೇ ಇಲ್ಲ. ತಾಪಮಾನ ಸೊನ್ನೆ ದಾಟಿ ಕೆಳಗಿಳಿದ ಮೇಲಷ್ಟೇ, ಇದ್ದ ಸ್ವಲ್ಪ ಆವಿ ನೀರಾಗದೆ ನೇರವಾಗಿ ಹಳುಕು ಹಳುಕಾಗಿ ಎಲೆಯ ಅಂಚಿಗೆ ಕೂರುತ್ತದೆ. ಇನ್ನೂ ಒಣಗಿದ್ದರೆ ಅದೂ ಇಲ್ಲ. ಬಿಳುಪೇ ಕಾಣದೆ ಎಲೆಯೊಳಗಿನ ನೀರು ಹೆಪ್ಪುಗಟ್ಟುತ್ತದೆ. ಬೆಳಗ್ಗೆ ಹೊಲ ನೋಡಲು ಚೆನ್ನಾಗಿಯೇ ಇರುತ್ತದೆ, ಹತ್ತು ಗಂಟೆಗೆ ಕಪ್ಪಾಗುತ್ತದೆ. ಬಿಳಿ ಕಂಡರೆ ಮಾತ್ರ ಉರೈಪನಿ ಎಂದು ನಂಬಿದವರಿಗೆ ಈ ಕರಿ ಹೊಡೆತ ಅರ್ಥವೇ ಆಗುವುದಿಲ್ಲ.

ಎಲೆ ಸಾಯುವುದು ಚಳಿ ತಾಗಿದ್ದರಿಂದಲ್ಲ ಎಂಬುದನ್ನೂ ಹೇಳಬೇಕು. ಮಂಜುಗಡ್ಡೆಯ ಹರಳು ಮೊದಲು ಜೀವಕೋಶಗಳ ನಡುವಿನ ಸಂದಿಯಲ್ಲಿ ಹುಟ್ಟುತ್ತದೆ, ಕೋಶದೊಳಗಿನ ನೀರನ್ನು ತನ್ನ ಕಡೆಗೆ ಎಳೆದುಕೊಂಡು ಬೆಳೆಯುತ್ತದೆ. ಕೋಶ ಬಾಯಾರಿ ಕುಸಿಯುತ್ತದೆ. ಆಲೂಗಡ್ಡೆಯ ಎಲೆ ಸೊನ್ನೆಗಿಂತ ಒಂದೆರಡು ಡಿಗ್ರಿ ಇಳಿದರೆ ತಡೆಯದು. ಬೀನ್ಸ್ ಅಷ್ಟೂ ತಡೆಯದು. ಎಲೆಕೋಸು ಗಟ್ಟಿ. ಕ್ಯಾರೆಟ್ಟಿನ ಗಡ್ಡೆ ಮಣ್ಣಿನೊಳಗೆ ಕ್ಷೇಮ. ಟೀ ಗಿಡದ ಎಳೆ ಚಿಗುರು ಸುಟ್ಟಂತೆ ಕಂದುತ್ತದೆ.

ಇಷ್ಟಾದರೂ ನನ್ನ ಎರಡು ಹೊಲಗಳ ಒಗಟು ಬಿಡಿಸಿದಂತಾಗಲಿಲ್ಲ. ಎರಡಕ್ಕೂ ಒಂದೇ ಆಕಾಶ, ಒಂದೇ ಗಾಳಿ. ಬೇರೆಯಾದದ್ದು ಇಳಿಜಾರು. ತಣ್ಣನೆಯ ಗಾಳಿ ಭಾರ. ಸಮುದ್ರಮಟ್ಟದ ಲೆಕ್ಕದಲ್ಲಿ 10 ಡಿಗ್ರಿಯ ಒಂದು ಘನ ಮೀಟರ್ ಗಾಳಿ ಸುಮಾರು 1,250 ಗ್ರಾಂ ತೂಗಿದರೆ ಸೊನ್ನೆ ಡಿಗ್ರಿಯದು ಸುಮಾರು 1,290 ಗ್ರಾಂ. ವ್ಯತ್ಯಾಸ ನಲವತ್ತು ಗ್ರಾಂ ಮಾತ್ರ, ಆದರೆ ನಿಶ್ಚಲ ರಾತ್ರಿಯಲ್ಲಿ ಅಷ್ಟೇ ಸಾಕು. ಓರೆಯ ಮೇಲೆ ತಣ್ಣಗಾದ ಗಾಳಿ ನೀರಿನಂತೆ ಸದ್ದಿಲ್ಲದೆ ಕೆಳಗೆ ಹರಿದು ತಗ್ಗಿನಲ್ಲಿ ಕೆರೆಯಂತೆ ನಿಲ್ಲುತ್ತದೆ. ಓರೆಯ ಹೊಲಕ್ಕೆ ಅದರ ಜಾಗದಲ್ಲಿ ಮೇಲಿನ ಬೆಚ್ಚನೆಯ ಗಾಳಿ ಸರಿದು ಬರುತ್ತದೆ. ತಗ್ಗಿನ ಕೊನೆಯಲ್ಲಿ ದಟ್ಟ ಬೇಲಿಯೋ ಗೋಡೆಯೋ ಇದ್ದರೆ ಅದು ಅಣೆಕಟ್ಟು. ನಮ್ಮ ಕೆಳಗಿನ ಹೊಲದ ಅಂಚಿನಲ್ಲಿ ದಟ್ಟವಾದ ಪೊದೆಬೇಲಿ ಇತ್ತು. ಹಳ್ಳದ ಕಡೆಗೆ ಅದರಲ್ಲಿ ಎರಡು ಕಡೆ ಕಿಂಡಿ ಬಿಡಿಸಿದ ಮೇಲೆ ಹೊಡೆತ ಪೂರ್ತಿ ನಿಂತಿಲ್ಲ, ಕಡಿಮೆಯಾಗಿದೆ.

ದೊಡ್ಡಬೆಟ್ಟ ಊಟಿಗಿಂತ ಸುಮಾರು 400 ಮೀಟರ್ ಎತ್ತರ. ಕಿಲೋಮೀಟರಿಗೆ ಆರೂವರೆ ಡಿಗ್ರಿಯಂತೆ ಲೆಕ್ಕ ಹಾಕಿದರೆ ಅದು ಎರಡೂವರೆ ಡಿಗ್ರಿ ಹೆಚ್ಚು ತಣ್ಣಗಿರಬೇಕು. ಆದರೂ ಪತ್ರಿಕೆಯಲ್ಲಿ ಬೆಳ್ಳಗಾದ ಹುಲ್ಲಿನ ಚಿತ್ರ ಬರುವುದು ತಲೈಕುಂದಾ, ಕಾಂದಲ್, ರೇಸ್ ಕೋರ್ಸ್ ಮೈದಾನದಂಥ ತಗ್ಗುಗಳಿಂದ. ನೀಲಗಿರಿಯ ಹಳೆಯ ಬೇಸಾಯಗಾರರಾದ ಬಡಗರ ಹಟ್ಟಿಗಳಲ್ಲಿ ಹಲವು ಗುಡ್ಡದ ಓರೆಯಲ್ಲಿ, ದಿಬ್ಬದ ಮೇಲೆ ಇವೆ. ನೀರು, ದನ, ಕಾವಲು ಎಂದು ಅದಕ್ಕೆ ಬೇರೆ ಕಾರಣಗಳೂ ಇರಬಹುದು, ಆದರೆ ಜನವರಿಯ ಬೆಳಗ್ಗೆ ಆ ಮನೆಗಳ ಅಂಗಳದಲ್ಲಿ ನಿಂತು ಕೆಳಗಿನ ಬಿಳಿ ಬಯಲನ್ನು ನೋಡಿದಾಗ ಆ ಜಾಗದ ಬೆಲೆ ಗೊತ್ತಾಗುತ್ತದೆ. ಬೆಟ್ಟದ ಕಣಿವೆಗಳಲ್ಲಿ ಬೆಳೆಯುವ ಶೋಲಾ ಎಂಬ ನಿತ್ಯಹಸಿರು ಕಾಡಿನೊಳಗೂ ಉರೈಪನಿ ಕೂರುವುದು ಅಪರೂಪ. ಮರಗಳ ಚಪ್ಪರವೇ ಮೋಡದ ಕೆಲಸ ಮಾಡುತ್ತದೆ. ಪಕ್ಕದ ಹುಲ್ಲುಗಾವಲಿಗೆ ಆ ರಕ್ಷಣೆ ಇಲ್ಲ. ಶೋಲಾದ ಸಸಿಗಳು ಹುಲ್ಲುಗಾವಲಿಗೆ ಹಬ್ಬದಿರಲು ಇದೂ ಒಂದು ಕಾರಣ ಎಂದು ಸಸ್ಯವಿಜ್ಞಾನಿಗಳು ಹೇಳುತ್ತ ಬಂದಿದ್ದಾರೆ.

ಇನ್ನು ಆ 4 ಡಿಗ್ರಿ. ಹವಾಮಾನ ವೀಕ್ಷಣಾಲಯದ ತಾಪಮಾಪಕ ಇರುವುದು ಸ್ಟೀವನ್ಸನ್ ಪೆಟ್ಟಿಗೆ ಎಂಬ ಬಿಳಿ ಬಣ್ಣದ ಮರದ ಗೂಡಿನಲ್ಲಿ, ನೆಲದಿಂದ ಸುಮಾರು ನಾಲ್ಕು ಅಡಿ ಮೇಲೆ, ನೆರಳಿನಲ್ಲಿ. ಜಗತ್ತಿನ ಎಲ್ಲ ಊರುಗಳ ಅಳತೆಯನ್ನು ಹೋಲಿಸಲು ಹಾಗೆ ಇಡಲೇಬೇಕು. ಆದರೆ ಶುಭ್ರ, ನಿಶ್ಚಲ ರಾತ್ರಿಯಲ್ಲಿ ಹುಲ್ಲಿನ ತುದಿಯ ತಾಪಮಾನ ಆ ಗೂಡಿನದಕ್ಕಿಂತ ಮೂರರಿಂದ ಐದು ಡಿಗ್ರಿ ಕೆಳಗಿರುತ್ತದೆ. ಗೂಡಿನಲ್ಲಿ ನಾಲ್ಕು ಎಂದರೆ ಹುಲ್ಲಿನಲ್ಲಿ ಸೊನ್ನೆ, ತಗ್ಗಿನಲ್ಲಿ ಇನ್ನೂ ಕಡಿಮೆ. ನನಗೆ ಗೊತ್ತಿರಬೇಕಾಗಿದ್ದದ್ದು ಈ ಒಂದು ಮಾತು.

ಇದೇ ಕಾರಣಕ್ಕೆ ಶೀತ ಅಲೆಯ ಎಚ್ಚರಿಕೆಗಾಗಿ ಕಾಯುತ್ತ ಕೂರಬಾರದು. ಭಾರತೀಯ ಹವಾಮಾನ ಇಲಾಖೆಯ ಅಳತೆಯಲ್ಲಿ ಬಯಲು ಸೀಮೆಗೆ ಕನಿಷ್ಠ ತಾಪಮಾನ 10 ಡಿಗ್ರಿ ಅಥವಾ ಅದಕ್ಕಿಂತ ಕೆಳಗಿಳಿದು, ವಾಡಿಕೆಗಿಂತ 4.5 ಡಿಗ್ರಿಯಾದರೂ ಕಡಿಮೆ ಇದ್ದರೆ ಶೀತ ಅಲೆ. ಬೆಟ್ಟದ ಊರುಗಳಿಗೆ ಆ ಗೆರೆ ಸೊನ್ನೆ ಡಿಗ್ರಿ. ಕಾಸರಗೋಡಿನಂಥ ಕರಾವಳಿಗೆ 15. ಕಾಸರಗೋಡಿನವರಿಗೆ ಹದಿನೈದು ಡಿಗ್ರಿಯೇ ನಡುಕ, ಊಟಿಯಲ್ಲಿ ಅದು ಹಿತವಾದ ಮಧ್ಯಾಹ್ನ. ಎಚ್ಚರಿಕೆ ಆಯಾ ಊರಿನ ರೂಢಿಗೆ ತಕ್ಕಂತೆ ಇರುವುದು ಸರಿಯೇ. ಆದರೆ ಗೂಡಿನಲ್ಲಿ 2 ಡಿಗ್ರಿ ತೋರಿಸಿ ಹುಲ್ಲೆಲ್ಲ ಬೆಳ್ಳಗಾದ ಬೆಳಗು ಈ ಅಳತೆಯಲ್ಲಿ ಶೀತ ಅಲೆ ಆಗುವುದಿಲ್ಲ, ಬೆಳೆ ಮಾತ್ರ ಹೋಗಿರುತ್ತದೆ.

ಕಂಪ್ಯೂಟರಿನ ಮಾದರಿಗಳಿಗೂ ಒಂದು ಮಿತಿ ಇದೆ. ಅವು ಭೂಮಿಯನ್ನು ಚೌಕಗಳಾಗಿ ಕತ್ತರಿಸಿ ಪ್ರತಿ ಚೌಕಕ್ಕೆ ಒಂದೊಂದು ಲೆಕ್ಕ ಮಾಡುತ್ತವೆ. ಹಿಂದೆ ಆ ಚೌಕ ಸುಮಾರು 12 ಕಿಲೋಮೀಟರ್ ಅಗಲ ಇತ್ತು. ಪುಣೆಯ ಉಷ್ಣವಲಯದ ಹವಾಮಾನ ಸಂಸ್ಥೆ ರೂಪಿಸಿ, 2025ರ ಮೇ ತಿಂಗಳಲ್ಲಿ ಬಳಕೆಗೆ ತಂದ ಭಾರತ್ ಮುನ್ಸೂಚನಾ ವ್ಯವಸ್ಥೆಯಲ್ಲಿ ಅದು 6 ಕಿಲೋಮೀಟರ್. ದೊಡ್ಡ ಸುಧಾರಣೆ, ನನಗೆ ನಿಜಕ್ಕೂ ಸಂತೋಷವಿದೆ. ಆದರೂ ದೊಡ್ಡಬೆಟ್ಟದ ತುದಿ ಮತ್ತು ಊಟಿಯ ಕೆರೆ ಒಂದೇ ಚೌಕದಲ್ಲಿ ಸರಾಸರಿಯಾಗಿ ಹೋಗಬಹುದು. ಇನ್ನೂರು ಹೆಜ್ಜೆಯ ಇಳಿಜಾರು ಅದರ ಕಣ್ಣಿಗೆ ಬೀಳುವುದಿಲ್ಲ. ಮೋಡ ಸರಿಯುತ್ತದೆಯೇ, ಗಾಳಿ ನಿಲ್ಲುತ್ತದೆಯೇ, ಗಾಳಿ ಎಷ್ಟು ಒಣಗುತ್ತದೆ ಎಂಬುದನ್ನು ಮಾದರಿ ಎರಡು ಮೂರು ದಿನ ಮೊದಲೇ ಚೆನ್ನಾಗಿ ಹೇಳುತ್ತದೆ. ಅದನ್ನು ನಮ್ಮ ತಗ್ಗಿಗೆ ಇಳಿಸುವ ಕೊನೆಯ ಲೆಕ್ಕ ನಮ್ಮದೇ.

ಅದಕ್ಕೆ ಬೇಕಾದದ್ದೆಲ್ಲ ಜಿಲ್ಲೆಯ ಕೃಷಿ ಹವಾಮಾನ ವರದಿಯಲ್ಲಿ ಇರುತ್ತದೆ. ಮಂಗಳವಾರ ಮತ್ತು ಶುಕ್ರವಾರ ಹೊರಬರುವ ಆ ವರದಿಯಲ್ಲಿ ಮುಂದಿನ ಐದು ದಿನಗಳ ಮಳೆ, ಗರಿಷ್ಠ ಮತ್ತು ಕನಿಷ್ಠ ತಾಪಮಾನ, ಆರ್ದ್ರತೆ, ಗಾಳಿಯ ವೇಗ ಮತ್ತು ದಿಕ್ಕು, ಮೋಡ ಎಲ್ಲವೂ ಇವೆ. ಬಹಳ ಜನ ಕನಿಷ್ಠ ತಾಪಮಾನದ ಸಾಲನ್ನು ಮಾತ್ರ ನೋಡುತ್ತಾರೆ. ನಾನು ಮೊದಲು ನೋಡುವುದು ಮೋಡದ ಸಾಲು. ಆಕಾಶವನ್ನು ಎಂಟು ಪಾಲು ಮಾಡಿ, ಎಷ್ಟು ಪಾಲು ಮುಚ್ಚಿದೆ ಎಂದು ಅಲ್ಲಿ ಬರೆದಿರುತ್ತಾರೆ. ಆರು, ಏಳು ಇದ್ದರೆ ನಿಶ್ಚಿಂತೆ. ಸೊನ್ನೆ ಅಥವಾ ಒಂದು ಇದ್ದು, ಗಾಳಿಯ ವೇಗವೂ ಕಡಿಮೆ, ಆರ್ದ್ರತೆಯೂ ಕಡಿಮೆ ಎಂದಿದ್ದರೆ ಆಮೇಲೆ ಕನಿಷ್ಠ ತಾಪಮಾನ ನೋಡಿ, ಅದರಲ್ಲಿ ನಾಲ್ಕು ಕಳೆಯುತ್ತೇನೆ. ವರದಿ ನಮಗೆ ತಮಿಳಿನಲ್ಲಿ ಬರುತ್ತದೆ. ಓದಲು ತೊಡಕಾಗುವ ಹಿರಿಯರಿಗೆ ನಾಲ್ಕು ಪದ ಗೊತ್ತಿದ್ದರೆ ಸಾಕು: ಕುರೈಂದಪಟ್ಚ ವೆಪ್ಪನಿಲೈ ಎಂದರೆ ಕನಿಷ್ಠ ತಾಪಮಾನ, ಈರಪ್ಪದಂ ಎಂದರೆ ಆರ್ದ್ರತೆ, ಮೇಗಮೂಟ್ಟಂ ಎಂದರೆ ಮೋಡ ಕವಿದಿರುವುದು, ಕಾಟ್ರಿನ್ ವೇಗಂ ಎಂದರೆ ಗಾಳಿಯ ವೇಗ. ಈರ, ಮೇಗ, ವೇಗ ಎಲ್ಲ ನಮ್ಮ ಕಿವಿಗೂ ಹತ್ತಿರದವೇ.

ಸಂಜೆ ಒಂದು ತಾಪಮಾಪಕವನ್ನು ತಗ್ಗಿನ ಹೊಲದಲ್ಲಿ ಬೆಳೆಯ ಎತ್ತರಕ್ಕೇ ಕಡ್ಡಿಗೆ ಕಟ್ಟಿಡಿ. ಹಾಗೆ ಕಟ್ಟಿ ಒಂದು ಚಳಿಗಾಲ ಬರೆದಿಟ್ಟರೆ, ಊಟಿಯ ಅಂಕಿಗೂ ನಿಮ್ಮ ಹೊಲದ ಅಂಕಿಗೂ ಎಷ್ಟು ಅಂತರ ಎಂಬುದು ನಿಮ್ಮದೇ ಪುಸ್ತಕದಲ್ಲಿ ಸಿಗುತ್ತದೆ. ನಮ್ಮ ಕೆಳಗಿನ ಹೊಲಕ್ಕೆ ಅದು ಶುಭ್ರ ರಾತ್ರಿ ಐದು, ಮೋಡದ ರಾತ್ರಿ ಒಂದು. ನನಗೆ ಇದಕ್ಕಿಂತ ಒಳ್ಳೆಯ ಮುನ್ಸೂಚನೆ ಬೇರೆಲ್ಲೂ ಸಿಕ್ಕಿಲ್ಲ.

ಉರೈಪನಿ ಖಚಿತ ಎಂದು ತಿಳಿದ ಸಂಜೆ ಮಾಡಬೇಕಾದದ್ದರ ಬಗ್ಗೆಯೂ ತಪ್ಪು ನಂಬಿಕೆಗಳಿವೆ. ಸೌದೆ ಒಟ್ಟಿ ಹೊಗೆ ಹಾಕುವುದು ಅವುಗಳಲ್ಲೊಂದು. ಹೊಗೆಯ ಕಣಗಳು ತೀರ ಸಣ್ಣವು, ನೆಲದಿಂದ ಹೊರಡುವ ಅವಕೆಂಪು ಕಿರಣಗಳನ್ನು ಅವು ತಡೆಯಲಾರವು. ಬೆಂಕಿಯ ಬಿಸಿ ಮಾತ್ರ ಸ್ವಲ್ಪ ಉಪಯೋಗ. ಸಾಲುಗಳ ನಡುವೆ ಒಣಹುಲ್ಲು ಹರಡುವುದಂತೂ ಕೆಡುಕೇ. ಅದು ಮಣ್ಣಿನ ಶಾಖವನ್ನು ಕೆಳಗೇ ಬಂಧಿಸಿ ಎಲೆಗಳನ್ನು ಇನ್ನಷ್ಟು ತಣ್ಣಗಾಗಿಸುತ್ತದೆ. ಹೊದಿಸುವುದಾದರೆ ಗಿಡದ ಮೇಲೆಯೇ ಹೊದಿಸಬೇಕು. ಟೀ ನರ್ಸರಿಗಳಲ್ಲಿ ಜರಿಗಿಡದ ಸೊಪ್ಪು ಹಾಸುವುದು ಅದಕ್ಕೇ. ಹಿಂದಿನ ದಿನ ಮಧ್ಯಾಹ್ನ ಮಣ್ಣಿಗೆ ನೀರು ಕಟ್ಟುವುದು ಅತ್ಯಂತ ಅಗ್ಗದ ಉಪಾಯ. ಹಸಿ ಮಣ್ಣು ಒಣ ಮಣ್ಣಿಗಿಂತ ಹೆಚ್ಚು ಶಾಖ ಹಿಡಿಯುತ್ತದೆ, ರಾತ್ರಿ ಅದನ್ನು ಮೇಲಕ್ಕೂ ಬೇಗ ತಲುಪಿಸುತ್ತದೆ.

ಸ್ಪ್ರಿಂಕ್ಲರ್ ಇದ್ದವರು ನೀರನ್ನೇ ಹೊದಿಕೆ ಮಾಡಬಹುದು. ಎಲೆಯ ಮೇಲೆ ಹೆಪ್ಪುಗಟ್ಟುವ ಪ್ರತಿ ಗ್ರಾಂ ನೀರು 80 ಕ್ಯಾಲೊರಿ ಶಾಖ ಬಿಡುತ್ತದೆ, ಆ ಶಾಖ ಎಲೆಯನ್ನು ಸೊನ್ನೆಯ ಹತ್ತಿರವೇ ನಿಲ್ಲಿಸುತ್ತದೆ. ಗಾಜಿನಂಥ ಮಂಜುಗಡ್ಡೆಯೊಳಗೆ ಎಲೆ ಹಸಿರಾಗಿ ಉಳಿದಿರುವುದನ್ನು ಮೊದಲ ಬಾರಿ ಕಂಡಾಗ ನಂಬುವುದು ಕಷ್ಟ. ಆದರೆ ನಡುವೆ ನಿಲ್ಲಿಸಬಾರದು. ನೀರು ನಿಂತ ಕೂಡಲೇ ಒದ್ದೆ ಎಲೆಯಿಂದ ಆವಿ ಏಳತೊಡಗುತ್ತದೆ, ಏಳುವ ಪ್ರತಿ ಗ್ರಾಂ 600 ಕ್ಯಾಲೊರಿಯನ್ನು ಎಲೆಯಿಂದಲೇ ಕಿತ್ತುಕೊಳ್ಳುತ್ತದೆ. ಕೊಟ್ಟದ್ದಕ್ಕಿಂತ ಏಳು ಪಟ್ಟು. ಜನವರಿಯಲ್ಲಿ ಇಲ್ಲಿ ಸೂರ್ಯ ಹುಟ್ಟುವುದು ಸುಮಾರು ಆರೂ ಮುಕ್ಕಾಲಿಗೆ, ರಾತ್ರಿಯ ಅತಿ ತಣ್ಣನೆಯ ಗಳಿಗೆ ಅದರ ಆಸುಪಾಸಿನಲ್ಲೇ ಇರುತ್ತದೆ. ಬೆಳಕು ಹರಿಯಿತು ಎಂದು ಮೋಟಾರ್ ಆರಿಸಿ ಮನೆಗೆ ಹೋಗಿ ಬೆಳೆ ಕಳೆದುಕೊಂಡವರನ್ನು ನೋಡಿದ್ದೇನೆ. ತಗ್ಗಿಗೆ ಬಿಸಿಲು ಇಳಿದು, ಎಲೆಗಳ ಮೇಲಿನ ಮಂಜುಗಡ್ಡೆ ತಾನಾಗಿ ಕರಗಿ ತೊಟ್ಟಿಕ್ಕತೊಡಗುವವರೆಗೆ ನೀರು ಓಡುತ್ತಲೇ ಇರಬೇಕು. ನಮ್ಮ ಕೆಳಗಿನ ಹೊಲಕ್ಕೆ ಬಿಸಿಲು ತಲುಪುವುದು ಎಂಟೂ ಕಾಲಿಗೆ.